ಒಂದೇ ಪುಟದ ಎರಡು ಅಂಕಣಗಳು: ಬಾಳಶಾಸ್ತ್ರಿ ಜಾಂಭೇಕರ

ಜನವರಿ 6ನ್ನು ಮಹಾರಾಷ್ಟ್ರದಲ್ಲಿ ಪತ್ರಕರ್ತರ ದಿನವೆಂದು ಆಚರಿಸುತ್ತಾರೆ. 1832ರ ಅದೇ ದಿನ ಮುಂಬಯಿಯಲ್ಲಿ ‘ದರ್ಪಣ’ವೆಂಬ ಪತ್ರಿಕೆಯ ಮೊದಲ ಸಂಚಿಕೆ ಹೊರಬಂದಿತು. ಮರಾಠಿ ಪತ್ರಿಕೋದ್ಯಮದ ಆರಂಭವನ್ನು ಅಲ್ಲಿಂದ ಎಣಿಸುವುದು ರೂಢಿ. ಅದನ್ನು ನಡೆಸಿದವರು ಬಾಳಶಾಸ್ತ್ರಿ ಜಾಂಭೇಕರ. ಪ್ರತಿವರ್ಷ ಆ ದಿನ ಅವರ ಭಾವಚಿತ್ರಕ್ಕೆ ಹಾರ ಹಾಕಿ, ಸುತ್ತಲಿನ ಊರುಗಳ ಪತ್ರಕರ್ತರನ್ನು ಕರೆದು ಸತ್ಕರಿಸುವ ವಾಡಿಕೆ ನಮ್ಮ ಮಹಾವಿದ್ಯಾಲಯದಲ್ಲಿಯೂ ಇದೆ.

ಈ ವರ್ಷ ಸತ್ಕಾರಕ್ಕೆ ಬಂದವರಲ್ಲಿ ನಮ್ಮ ಕನ್ನಡ ವಿಭಾಗದ ಹಳೆಯ ವಿದ್ಯಾರ್ಥಿಯೊಬ್ಬನಿದ್ದ. ಈಗ ಅವನು ಒಂದು ಮರಾಠಿ ದೈನಿಕದ ತಾಲೂಕು ವರದಿಗಾರ. ಗಡಿಯ ಹಳ್ಳಿಗಳಿಗೆ ಹೋಗಿ ಕನ್ನಡದಲ್ಲಿ ಕೇಳುತ್ತಾನೆ, ಮರಾಠಿಯಲ್ಲಿ ಬರೆಯುತ್ತಾನೆ. ಕಾರ್ಯಕ್ರಮ ಮುಗಿದ ಮೇಲೆ ಚಹಾ ಕುಡಿಯುತ್ತ ಅವನು ನನ್ನನ್ನು ಒಂದು ಮಾತು ಕೇಳಿದ. ಮೂರು ವರ್ಷ ಕನ್ನಡ ಓದಿದ್ದರಿಂದ ತನಗೆ ಆದ ಪ್ರಯೋಜನವೇನು ಎಂಬುದೇ ಆ ಮಾತು. ಅದರಲ್ಲಿ ದೂರು ಇರಲಿಲ್ಲ. ಉತ್ತರ ಬೇಕೆಂಬ ಪ್ರಾಮಾಣಿಕ ಅಪೇಕ್ಷೆಯಿತ್ತು. ಆ ದಿನ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿದ್ದ ಮಹನೀಯರ ಜೀವನವನ್ನು ಮತ್ತೊಮ್ಮೆ ಓದಿದ ಮೇಲೆ ಉತ್ತರದ ಕೆಲವು ಎಳೆಗಳು ಅಲ್ಲಿ ಕಂಡವು. ಅವನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಬಾಳಶಾಸ್ತ್ರಿಗಳು 1812ರಲ್ಲಿ ಕೊಂಕಣದ ಪೋಂಭುರ್ಲೆ ಎಂಬ ಹಳ್ಳಿಯಲ್ಲಿ ಜನಿಸಿದರು. ಅದು ಈಗಿನ ಸಿಂಧುದುರ್ಗ ಜಿಲ್ಲೆಯ ದೇವಗಡ ತಾಲೂಕಿನಲ್ಲಿದೆ. ತಂದೆ ಗಂಗಾಧರಶಾಸ್ತ್ರಿಗಳು ಸಂಸ್ಕೃತ ಬಲ್ಲವರು. ಮರಾಠಿ ಮತ್ತು ಸಂಸ್ಕೃತದ ಮೊದಲ ಪಾಠಗಳು ಮನೆಯಲ್ಲಿಯೇ ಆದವು. ಹುಡುಗನ ಸ್ಮರಣಶಕ್ತಿಯನ್ನೂ ಗ್ರಹಣಶಕ್ತಿಯನ್ನೂ ಕಂಡ ಹಿರಿಯರು ಅವನನ್ನು ಹೆಚ್ಚಿನ ಅಭ್ಯಾಸಕ್ಕಾಗಿ ಮುಂಬಯಿಗೆ ಕಳಿಸಿದರು.

ಪೇಶವೆಯರ ಆಳ್ವಿಕೆ 1818ರಲ್ಲಿ ಕೊನೆಗೊಂಡು ಆಗ ಹತ್ತು ವರ್ಷವೂ ಆಗಿರಲಿಲ್ಲ. ಮುಂಬಯಿ ಇಲಾಖೆಯ ಹೊಸ ಆಡಳಿತಕ್ಕೆ ಶಾಲೆಗಳು ಬೇಕಾಗಿದ್ದವು. ಶಾಲೆಗಳಿಗೆ ಪುಸ್ತಕಗಳು ಬೇಕಾಗಿದ್ದವು. ಪುಸ್ತಕಗಳನ್ನು ದೇಶಭಾಷೆಗಳಲ್ಲಿ ಬರೆಯಬಲ್ಲವರು ತೀರ ಕಡಿಮೆಯಿದ್ದರು. ಈ ಕೆಲಸಕ್ಕೆಂದು ಬಾಂಬೆ ನೇಟಿವ್ ಎಜುಕೇಶನ್ ಸೊಸೈಟಿ ಎಂಬ ಸಂಸ್ಥೆಯಿತ್ತು. ಅದರ ದೇಶೀಯ ಕಾರ್ಯದರ್ಶಿಗಳಾಗಿದ್ದ ಸದಾಶಿವ ಕಾಶಿನಾಥ ಛತ್ರೆಯವರ ಆಶ್ರಯದಲ್ಲಿ ಬಾಳಶಾಸ್ತ್ರಿಗಳ ಇಂಗ್ಲಿಷ್ ಮತ್ತು ಗಣಿತದ ಅಭ್ಯಾಸ ಸಾಗಿತು. 1830ರಲ್ಲಿ ಅವರು ಅದೇ ಸಂಸ್ಥೆಯಲ್ಲಿ ಉಪಕಾರ್ಯದರ್ಶಿಯಾದರು. ಎರಡು ವರ್ಷಗಳಲ್ಲಿ ಕಾರ್ಯದರ್ಶಿಯ ಸ್ಥಾನಕ್ಕೇರಿದರು. ಆಗ ಅವರ ವಯಸ್ಸು ಸುಮಾರು ಇಪ್ಪತ್ತು. ನಮ್ಮ ಪದವಿ ತರಗತಿಯ ಅಂತಿಮ ವರ್ಷದ ವಿದ್ಯಾರ್ಥಿಗಳ ವಯಸ್ಸು ಅದೇ ಎಂಬುದನ್ನು ಇಲ್ಲಿ ನೆನಪಿಸಬೇಕು.

ಆ ವಯಸ್ಸಿನಲ್ಲಿಯೇ ಅವರು ‘ದರ್ಪಣ’ವನ್ನು ಆರಂಭಿಸಿದರು. ಭಾವೂ ಮಹಾಜನರೆಂದು ಹೆಸರಾದ ಗೋವಿಂದ ವಿಠ್ಠಲ ಕುಂಟೆಯವರು ಜೊತೆಗಿದ್ದರು. ಮುಂಬಯಿಯಲ್ಲಿ ಅದಕ್ಕೂ ಮೊದಲು ಇಂಗ್ಲಿಷ್ ಪತ್ರಿಕೆಗಳಿದ್ದವು. 1822ರಿಂದ ಗುಜರಾತಿಯ ‘ಮುಂಬಯಿ ಸಮಾಚಾರ’ವೂ ನಡೆಯುತ್ತಿತ್ತು. ಮರಾಠಿಗೆ ಮಾತ್ರ ಅಂಥದೊಂದು ಸ್ಥಿರವಾದ ಪತ್ರಿಕೆ ಇರಲಿಲ್ಲ. ‘ದರ್ಪಣ’ ಮೊದಲು ಪಾಕ್ಷಿಕವಾಗಿತ್ತು. ನಾಲ್ಕು ತಿಂಗಳೊಳಗೆ, ಅದೇ ವರ್ಷದ ಮೇ ತಿಂಗಳಿನಿಂದ, ವಾರಪತ್ರಿಕೆಯಾಯಿತು.

ಅದರ ಪುಟದ ರಚನೆ ಗಮನಿಸತಕ್ಕದ್ದು. ಪ್ರತಿ ಪುಟದಲ್ಲಿ ಎರಡು ಅಂಕಣಗಳು. ಒಂದರಲ್ಲಿ ಇಂಗ್ಲಿಷ್, ಅದರ ಪಕ್ಕದಲ್ಲಿಯೇ ಮರಾಠಿ. ಒಂದು ಅಂಕಣದ ವಿಷಯಕ್ಕೆ ಸಾಟಿಯಾಗಿ ಇನ್ನೊಂದು ಅಂಕಣವಿರುತ್ತಿತ್ತು. ಪಶ್ಚಿಮ ದೇಶಗಳ ವಿದ್ಯೆ, ವಿಜ್ಞಾನ, ರಾಜ್ಯವ್ಯವಸ್ಥೆಗಳ ಸಂಗತಿಗಳನ್ನು ನಮ್ಮ ಜನರಿಗೆ ತಿಳಿಸುವುದು ಒಂದು ಉದ್ದೇಶವಾಗಿತ್ತು. ನಮ್ಮ ಜನರ ವಿಚಾರಗಳನ್ನೂ ಕಷ್ಟಗಳನ್ನೂ ಆಳುವವರ ಗಮನಕ್ಕೆ ತರುವುದು ಇನ್ನೊಂದು. ಮೊದಲನೆಯದಕ್ಕೆ ಮರಾಠಿ ಬೇಕಾಗಿತ್ತು, ಎರಡನೆಯದಕ್ಕೆ ಇಂಗ್ಲಿಷ್ ಬೇಕಾಗಿತ್ತು. ಎರಡನ್ನೂ ಒಂದೇ ಹಾಳೆಯಲ್ಲಿ ಮುದ್ರಿಸಿದ್ದರಿಂದ, ಒಂದು ಭಾಷೆ ಬಲ್ಲವನು ಇನ್ನೊಂದರ ಕಡೆಗೆ ಕಣ್ಣು ಹಾಯಿಸದೆ ಇರುವಂತಿರಲಿಲ್ಲ.

ಇಂಥ ಪತ್ರಿಕೆಯನ್ನು ನಡೆಸುವುದೆಂದರೆ ಬರಿಯ ಭಾಷಾಂತರದ ಶ್ರಮವಷ್ಟೇ ಎಂದು ಭಾವಿಸಬಾರದು. ಆಗಿನ ಮರಾಠಿ ಗದ್ಯ ದಫ್ತರದ ಲೆಕ್ಕಪತ್ರಗಳಲ್ಲಿ, ಖಾಸಗಿ ಪತ್ರಗಳಲ್ಲಿ, ಬಖರುಗಳಲ್ಲಿ ಬೆಳೆದಿತ್ತು. ಜನ ಕೈಯಿಂದ ಬರೆಯುತ್ತಿದ್ದುದು ಮೋಡಿ ಲಿಪಿಯಲ್ಲಿ. ಪತ್ರಿಕೆ ಮುದ್ರಣವಾಗುತ್ತಿದ್ದುದು ಬಾಳಬೋಧದಲ್ಲಿ, ಎಂದರೆ ನಾಗರಿಯಲ್ಲಿ. ಹೊಸ ವಿಷಯಗಳಿಗೆ ಹೊಸ ಪದಗಳು ಬೇಕಾಗಿದ್ದವು. ವಾಕ್ಯ ಎಲ್ಲಿ ತೊಡಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನೂ ಪತ್ರಿಕೆಯೇ ವಾರವಾರವೂ ಕಂಡುಕೊಳ್ಳಬೇಕಾಗಿತ್ತು. ಇಂದು ನಾವು ಸಹಜವೆಂದು ಓದುವ ಪತ್ರಿಕಾಗದ್ಯದ ಹಿಂದೆ ಇಂಥ ಶ್ರಮವಿದೆ. ಕನ್ನಡದಲ್ಲಿ ಇದೇ ಕೆಲಸ ಹನ್ನೊಂದು ವರ್ಷಗಳ ತರುವಾಯ, 1843ರ ಜುಲೈ 1ರಂದು, ಹರ್ಮನ್ ಮೋಗ್ಲಿಂಗ್ ಅವರು ಹೊರತಂದ ‘ಮಂಗಳೂರು ಸಮಾಚಾರ’ದಿಂದ ಮೊದಲಾಯಿತು.

ಇಲ್ಲಿ ನನ್ನ ಶಾಲೆಯ ದಿನಗಳ ಒಂದು ಸಂಗತಿಯನ್ನು ಹೇಳಬಹುದು. ಮರಾಠಿ ಮತ್ತು ಕನ್ನಡ ಎರಡನ್ನೂ ಕಲಿಸುತ್ತಿದ್ದ ಗಡಿಯ ಶಾಲೆಯಲ್ಲಿ ನಾನು ಓದಿದೆ. ಮರಾಠಿಯ ತರಗತಿಯಲ್ಲಿ ಜಾಂಭೇಕರರ ಹೆಸರು ಬಂದಿತು. ಕನ್ನಡದ ತರಗತಿಯಲ್ಲಿ ಮೋಗ್ಲಿಂಗರ ಹೆಸರು ಬಂದಿತು. ಇಬ್ಬರೂ ಒಂದೇ ಕಾಲದವರು, ಒಂದೇ ಬಗೆಯ ಕೆಲಸದಲ್ಲಿ ತೊಡಗಿದವರು ಎಂಬುದನ್ನು ಯಾರೂ ಹೇಳಿಕೊಡಲಿಲ್ಲ. ಎರಡು ಪುಸ್ತಕಗಳೂ ಒಂದೇ ಪಾಟೀಚೀಲದಲ್ಲಿದ್ದವು. ಆದರೂ ಅವುಗಳ ನಡುವೆ ಮಾತುಕತೆ ಇರಲಿಲ್ಲ.

‘ದರ್ಪಣ’ ಆರಂಭವಾದ ವರ್ಷವೇ ಬಾಳಶಾಸ್ತ್ರಿಗಳಿಗೆ ನಮ್ಮ ಅಕ್ಕಲಕೋಟೆಯ ನಂಟು ಒದಗಿತು. ಅಕ್ಕಲಕೋಟೆ ಸಂಸ್ಥಾನದ ರಾಜಕುಮಾರನಿಗೆ ಇಂಗ್ಲಿಷ್ ಕಲಿಸುವ ಅಧ್ಯಾಪಕರಾಗಿ ಅವರ ನೇಮಕವಾಯಿತು. ಅರಮನೆಯಲ್ಲಿ ಮರಾಠಿ, ಪೇಟೆಯಲ್ಲಿ ಮರಾಠಿ ಮತ್ತು ಕನ್ನಡ, ಹೊಲಗದ್ದೆಗಳಲ್ಲಿ ಹೆಚ್ಚಾಗಿ ಕನ್ನಡ ಎಂಬಂತಿದ್ದ ಸಂಸ್ಥಾನವದು. ಅವರ ಚರಿತ್ರಕಾರರು ಅವರು ಬಲ್ಲ ಭಾಷೆಗಳನ್ನು ಎಣಿಸುವಾಗ ಸಂಸ್ಕೃತ, ಇಂಗ್ಲಿಷ್, ಗುಜರಾತಿ, ಬಂಗಾಲಿ, ಫಾರಸಿ, ಫ್ರೆಂಚ್, ಲ್ಯಾಟಿನ್, ಗ್ರೀಕ್‌ಗಳ ಜೊತೆಗೆ ಕನ್ನಡ, ತೆಲುಗುಗಳನ್ನೂ ಹೇಳುತ್ತಾರೆ. ಮರಾಠಿ ಪತ್ರಿಕೋದ್ಯಮದ ಜನಕರೆನಿಸಿದವರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇರುವುದು ಗಡಿನಾಡಿನ ನಮಗೆ ಸಂತೋಷದ ವಿಷಯ.

1827ರಲ್ಲಿ ಗವರ್ನರ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಅವರು ಮುಂಬಯಿಯಿಂದ ನಿವೃತ್ತರಾದಾಗ ಸಾರ್ವಜನಿಕರು ಅವರ ಗೌರವಾರ್ಥವಾಗಿ ನಿಧಿಯೊಂದನ್ನು ಕೂಡಿಸಿದ್ದರು. ಉಚ್ಚಶಿಕ್ಷಣದ ಪ್ರಾಧ್ಯಾಪಕರ ನೇಮಕಕ್ಕಾಗಿ ಆ ಹಣ ಬಳಕೆಯಾಯಿತು. ಹೀಗೆ ಹುಟ್ಟಿದ ಎಲ್ಫಿನ್‌ಸ್ಟನ್ ಕಾಲೇಜಿಗೆ 1834ರಲ್ಲಿ ಬಾಳಶಾಸ್ತ್ರಿಗಳು ಸಹಾಯಕ ಪ್ರಾಧ್ಯಾಪಕರಾಗಿ ಬಂದರು. ಆ ಸ್ಥಾನಕ್ಕೆ ನೇಮಕಗೊಂಡ ಮೊದಲ ಭಾರತೀಯರು ಅವರೇ. ಮುಖ್ಯ ಪ್ರಾಧ್ಯಾಪಕರು ಇಂಗ್ಲೆಂಡಿನಿಂದ ಬಂದವರಾಗಿದ್ದರು. ಅವರ ನಡುವೆ ಇಪ್ಪತ್ತೆರಡು ವರ್ಷದ ಈ ಶಾಸ್ತ್ರಿಗಳು ಗಣಿತ ಮುಂತಾದ ವಿಷಯಗಳನ್ನು ಕಲಿಸುತ್ತಿದ್ದರು.

ಇಂದು ಶೈಕ್ಷಣಿಕ ವರ್ಷ ಮುಗಿಯುವಾಗ ಅಧ್ಯಾಪಕರಾದ ನಾವೆಲ್ಲರೂ ಒಂದು ನಮೂನೆಯನ್ನು ತುಂಬಿ ಪ್ರಾಚಾರ್ಯರಿಗೆ ಸಲ್ಲಿಸುತ್ತೇವೆ. ಬೋಧನೆ, ಸಮಾಜಸೇವೆ, ವೃತ್ತಿಸಂಬಂಧವಾದ ಇತರ ಚಟುವಟಿಕೆ ಎಂದು ಅದರಲ್ಲಿ ಮೂರು ಭಾಗಗಳಿರುತ್ತವೆ. ಪ್ರತಿ ಭಾಗಕ್ಕೂ ಬೇರೆ ಬೇರೆ ಅಂಕಗಳು. ಬಾಳಶಾಸ್ತ್ರಿಗಳ 1840ನೆಯ ವರ್ಷವನ್ನು ಆ ನಮೂನೆಯ ಮೇಲೆ ಇಟ್ಟು ನೋಡಿದರೆ ಅವರ ದುಡಿಮೆಯ ಪ್ರಮಾಣ ತಿಳಿಯುತ್ತದೆ.

ಬೋಧನೆಯ ಭಾಗದಲ್ಲಿ ಎಲ್ಫಿನ್‌ಸ್ಟನ್‌ನ ತರಗತಿಗಳು ಬರುತ್ತವೆ. ಮುಂದೆ ದೇಶಕ್ಕೆಲ್ಲ ಹೆಸರಾದ ದಾದಾಭಾಯಿ ನವರೋಜಿಯವರು ಅಲ್ಲಿನ ವಿದ್ಯಾರ್ಥಿಯಾಗಿ ಬಾಳಶಾಸ್ತ್ರಿಗಳಿಂದ ಕಲಿತವರು. ವೃತ್ತಿಯ ಭಾಗದಲ್ಲಿ ಎರಡು ದೊಡ್ಡ ಸಂಗತಿಗಳಿವೆ. ಎಂಟೂವರೆ ವರ್ಷ ನಡೆದ ‘ದರ್ಪಣ’ ಆ ವರ್ಷದ ನಡುವೆ ನಿಂತಿತು. ಅದೇ ವರ್ಷ ‘ದಿಗ್ದರ್ಶನ’ ಆರಂಭವಾಯಿತು. ಇದು ಮರಾಠಿಯ ಮೊದಲ ಮಾಸಪತ್ರಿಕೆ. ಭೂಗೋಲ, ಇತಿಹಾಸ, ಪದಾರ್ಥವಿಜ್ಞಾನ, ರಸಾಯನ, ವ್ಯಾಕರಣ, ಗಣಿತಗಳ ಲೇಖನಗಳನ್ನು ನಕಾಶೆ ಮತ್ತು ಆಕೃತಿಗಳೊಡನೆ ಅದು ಪ್ರಕಟಿಸಿತು. ತರಗತಿಗೆ ಬರಲಾಗದವರಿಗೆ ತರಗತಿಯೇ ಅಂಚೆಯಲ್ಲಿ ಹೋದಂತಾಯಿತು. ಸುಮಾರು ಐದು ವರ್ಷ ಶಾಸ್ತ್ರಿಗಳು ಅದನ್ನು ನಡೆಸಿದರು.

ಸೇವೆಯ ಭಾಗವೂ ಬರಿದಾಗಿರಲಿಲ್ಲ. ಸರಕಾರ ಅವರಿಗೆ ಜಸ್ಟಿಸ್ ಆಫ್ ದ ಪೀಸ್ ಎಂಬ ಗೌರವವನ್ನು ನೀಡಿದ್ದು ಆ ವರ್ಷವೇ. ಕೊಲಾಬಾ ವೇಧಶಾಲೆಯ ಹೊಣೆಯೂ ಕೆಲಕಾಲ ಅವರ ಪಾಲಿಗೆ ಬಂದಿತ್ತು. ಮುಂದೆ ಪ್ರಾಥಮಿಕ ಶಾಲೆಗಳ ನಿರೀಕ್ಷಣೆ, ಶಿಕ್ಷಕರನ್ನು ತಯಾರಿಸುವ ನಾರ್ಮಲ್ ಸ್ಕೂಲಿನ ಮೇಲ್ವಿಚಾರಣೆ ಇವೂ ಸೇರಿಕೊಂಡವು. ಮುಂಬಯಿಯ ತರುಣರಿಗಾಗಿ ಒಂದು ಚರ್ಚಾಸಂಘವನ್ನೂ, ಜನರಿಗಾಗಿ ನೇಟಿವ್ ಜನರಲ್ ಲೈಬ್ರರಿ ಎಂಬ ಗ್ರಂಥಾಲಯವನ್ನೂ ಕಟ್ಟುವುದರಲ್ಲಿ ಅವರು ಮುಂದಾಗಿದ್ದರು.

ಇಷ್ಟನ್ನೆಲ್ಲ ಬರೆದು ನೋಡಿದಾಗ ನಮ್ಮ ನಮೂನೆಯ ಕೊರತೆಯೂ ಕಾಣುತ್ತದೆ. ‘ಶೂನ್ಯಲಬ್ಧಿ ಗಣಿತ’ವೆಂಬ ಅವರ ಪುಸ್ತಕವನ್ನು ಯಾವ ಭಾಗದಲ್ಲಿ ಬರೆಯಬೇಕು? ಕನ್ನಡದಲ್ಲಿ ನಾವು ಕಲನಶಾಸ್ತ್ರವೆನ್ನುವ ಗಣಿತವನ್ನು ಅವರು ಮರಾಠಿಯಲ್ಲಿ ಬರೆದರು. ಅದು ತರಗತಿಯ ಅಗತ್ಯದಿಂದ ಹುಟ್ಟಿದ್ದರಿಂದ ಬೋಧನೆ. ಹೊಸ ಗ್ರಂಥವಾದ್ದರಿಂದ ವೃತ್ತಿಕಾರ್ಯ. ಇಂಗ್ಲಿಷ್ ಬಾರದವನಿಗೂ ಆ ವಿದ್ಯೆ ದೊರೆಯಲೆಂದು ಮಾಡಿದ್ದರಿಂದ ಸೇವೆ. ‘ಬಾಲವ್ಯಾಕರಣ’, ‘ನೀತಿಕಥಾ’, ಭೂಗೋಲ ಮತ್ತು ಇತಿಹಾಸದ ಪಾಠಪುಸ್ತಕಗಳ ವಿಷಯದಲ್ಲಿಯೂ ಇದೇ ಮಾತು. ತಾನು ಕಲಿತದ್ದನ್ನು ಕಲಿಯಲಾರದವನಿಗೆ ಅವನ ನುಡಿಯಲ್ಲಿ ಮುಟ್ಟಿಸುವುದು ಎಂಬ ಒಂದೇ ಕೆಲಸವನ್ನು ಅವರು ತರಗತಿಯಲ್ಲಿ, ಪತ್ರಿಕೆಯಲ್ಲಿ, ಸಂಘಸಂಸ್ಥೆಗಳಲ್ಲಿ ಮಾಡುತ್ತಿದ್ದರು.

ಪುರಾತನವನ್ನು ಕುರಿತ ಅವರ ಶ್ರದ್ಧೆಯೂ ಇದರ ಭಾಗವೇ. ಶಿಲಾಶಾಸನ, ತಾಮ್ರಪಟಗಳನ್ನು ಓದಿ ಅವರು ಬರೆದ ಪ್ರಬಂಧಗಳು ರಾಯಲ್ ಏಶಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಪ್ರಕಟವಾದವು. ಅದರಲ್ಲಿ ಬರೆದ ಮೊದಲ ಭಾರತೀಯ ವಿದ್ವಾಂಸರಲ್ಲಿ ಅವರ ಹೆಸರಿದೆ. 1845ರಲ್ಲಿ ಅವರು ‘ಜ್ಞಾನೇಶ್ವರಿ’ಯನ್ನು ಸಂಪಾದಿಸಿ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಆ ಮಹಾಗ್ರಂಥ ಅಚ್ಚಾದದ್ದು ಅದೇ ಮೊದಲು. ಅದುವರೆಗೆ ಕೈಬರಹದ ಪೋಥಿಗಳಲ್ಲಿ, ಮಠಮಂದಿರಗಳ ಪಾರಾಯಣಗಳಲ್ಲಿ ಉಳಿದುಬಂದಿದ್ದ ಓವಿಗಳು ಓದಬಲ್ಲ ಎಲ್ಲರ ಕೈಗೆ ಬಂದವು. ‘ಜ್ಞಾನೇಶ್ವರಿ’ಯ ಹಳೆಯ ಮರಾಠಿಯಲ್ಲಿ ಕನ್ನಡ ಮೂಲದ ಪದಗಳು ಸಾಕಷ್ಟಿವೆ ಎಂಬುದು ಎರಡೂ ಭಾಷೆಗಳ ವಿದ್ವಾಂಸರು ಒಪ್ಪಿದ ಮಾತು. ನಮ್ಮ ಸೋಲಾಪುರದ ನೆಲದ ಹಳೆಯ ಶಾಸನಗಳಲ್ಲಿಯೂ ಕನ್ನಡ, ಮರಾಠಿ, ಸಂಸ್ಕೃತಗಳು ನೆರೆಹೊರೆಯಾಗಿ ಬಾಳಿದ ಗುರುತುಗಳಿವೆ.

ವಿದ್ವತ್ತಿನಿಂದ ಅವರಿಗೆ ಗೌರವ ಬಂದಿತು. ಸಮಾಜದ ಪ್ರಶ್ನೆಗಳಲ್ಲಿ ನುಡಿದುದರಿಂದ ವಿರೋಧ ಬಂದಿತು. ಬಾಲವಿಧವೆಯರ ದುಃಖವನ್ನು ‘ದರ್ಪಣ’ದಲ್ಲಿ ಎತ್ತಿ ಆಡಿ ಅವರು ಪುನರ್ವಿವಾಹದ ಪಕ್ಷವನ್ನು ಹಿಡಿದರು. ಸ್ತ್ರೀಶಿಕ್ಷಣವನ್ನು ಬೆಂಬಲಿಸಿದರು. ವಿಧವಾವಿವಾಹಕ್ಕೆ ಕಾಯಿದೆಯ ಮನ್ನಣೆ ದೊರೆತದ್ದು 1856ರಲ್ಲಿ, ಅವರು ತೀರಿಕೊಂಡು ಹತ್ತು ವರ್ಷಗಳಾದ ಮೇಲೆ ಎಂಬುದನ್ನು ನೆನೆದರೆ ಅವರ ಧೈರ್ಯ ಎಷ್ಟು ಮುಂಚಿನದೆಂದು ತಿಳಿಯುತ್ತದೆ.

1843ರಲ್ಲಿ ಇದಕ್ಕಿಂತ ಕಠಿಣವಾದ ಪ್ರಸಂಗ ಎದುರಾಯಿತು. ಮುಂಬಯಿಯ ಮಿಶನರಿ ಶಾಲೆಯಲ್ಲಿ ಓದುತ್ತಿದ್ದ ನಾರಾಯಣ ಶೇಷಾದ್ರಿ ಎಂಬ ಬ್ರಾಹ್ಮಣ ತರುಣ ಕ್ರಿಸ್ತಧರ್ಮವನ್ನು ಸ್ವೀಕರಿಸಿದ. ಅವನ ಎಳೆಯ ತಮ್ಮ ಶ್ರೀಪತಿಯೂ ಮಿಶನರಿಗಳ ಆಶ್ರಯದಲ್ಲಿದ್ದ. ತಂದೆ ನ್ಯಾಯಾಲಯಕ್ಕೆ ಹೋದುದರಿಂದ ಹುಡುಗನನ್ನು ತಂದೆಗೆ ಒಪ್ಪಿಸಲಾಯಿತು. ಮಿಶನರಿಗಳೊಡನೆ ಇದ್ದು ಉಂಡ ಹುಡುಗನನ್ನು ಜಾತಿಯೊಳಗೆ ಮತ್ತೆ ಸೇರಿಸಿಕೊಳ್ಳಲು ಸನಾತನಿಗಳು ಸಿದ್ಧರಿರಲಿಲ್ಲ. ಬಾಳಶಾಸ್ತ್ರಿಗಳು ಶಾಸ್ತ್ರಾಧಾರಗಳನ್ನು ಮುಂದಿಟ್ಟು, ಪ್ರಾಯಶ್ಚಿತ್ತ ಮಾಡಿಸಿ ಹುಡುಗನನ್ನು ಮನೆಗೆ ಕರೆದುಕೊಳ್ಳಬೇಕೆಂದು ವಾದಿಸಿದರು. ಮಿಶನರಿಗಳ ಮತಾಂತರವನ್ನು ಅವರು ಒಪ್ಪುವವರಲ್ಲ. ಆದರೆ ಮರಳಿ ಬಂದ ಮಗುವಿಗೆ ಬಾಗಿಲು ಮುಚ್ಚುವುದನ್ನೂ ಅವರು ಒಪ್ಪಲಿಲ್ಲ. ಇದರಿಂದ ಸ್ವಂತ ಸಮಾಜದೊಳಗೆ ತೀವ್ರವಾದ ವಿರೋಧವನ್ನು ಎದುರಿಸಬೇಕಾಯಿತು. ನೌಕರಿ, ವಿದ್ವತ್ತು, ಮನ್ನಣೆ ಎಲ್ಲವೂ ಇದ್ದ ಮನುಷ್ಯ ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಸುಮ್ಮನಿರಲಿಲ್ಲ.

ಅವರ ಮಿತಿಗಳನ್ನು ಮುಚ್ಚಿಡುವುದು ಸರಿಯಲ್ಲ. ಆ ಕಾಲದ ಪತ್ರಿಕೆಯನ್ನು ಕೊಂಡು ಓದಬಲ್ಲವರು ನಗರದ ಕೆಲವೇ ಮಂದಿ. ಅವರ ಸುಧಾರಣೆಯ ವಾದ ಶಾಸ್ತ್ರಗ್ರಂಥಗಳ ಅನುಮತಿಯನ್ನು ಹುಡುಕಿಕೊಂಡು ನಡೆಯಿತು. ಶಾಸ್ತ್ರವೇ ಯಾರನ್ನು ಹೊರಗಿಟ್ಟಿತ್ತೋ ಅವರ ಪ್ರಶ್ನೆ ಆ ವಾದದೊಳಗೆ ಪೂರ್ತಿಯಾಗಿ ಬರಲಿಲ್ಲ. ಆ ಪ್ರಶ್ನೆಯನ್ನು ಜೋತಿರಾವ ಫುಲೆ ದಂಪತಿಗಳು 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದು ಬೇರೊಂದು ಬಗೆಯಲ್ಲಿ ಎತ್ತಿದರು. ಆದರೂ ಮರಾಠಿಯಲ್ಲಿ ಮುದ್ರಿತವಾದ ಮಾತಿಗೆ ಬಾಳಶಾಸ್ತ್ರಿಗಳು ತೆರೆದ ಹಾದಿ ಅವರು ಎಣಿಸಿರದ ಜನರಿಗೂ ಒದಗಿತು. 1877ರಲ್ಲಿ ಕೃಷ್ಣರಾವ ಭಾಲೇಕರರ ‘ದೀನಬಂಧು’ವೂ, 1920ರಲ್ಲಿ ಡಾ. ಅಂಬೇಡ್ಕರರ ‘ಮೂಕನಾಯಕ’ವೂ ಮರಾಠಿ ಪತ್ರಿಕೆಗಳಾಗಿಯೇ ಹೊರಬಂದವು.

1846ರ ಮೇ ತಿಂಗಳಲ್ಲಿ ಬಾಳಶಾಸ್ತ್ರಿಗಳು ಕಾಯಿಲೆಯಿಂದ ತೀರಿಕೊಂಡರು. ಅವರ ಆಯುಷ್ಯ ಕೇವಲ 34 ವರ್ಷ. ಇಂದಿನ ಕಾಲದಲ್ಲಿ ಅನೇಕರಿಗೆ ಆ ವಯಸ್ಸಿಗೆ ಕಾಯಂ ನೌಕರಿಯೂ ದೊರೆತಿರುವುದಿಲ್ಲ.

ಅವರ ಕೆಲಸ ಅವರೊಡನೆ ನಿಲ್ಲಲಿಲ್ಲ. ಜೊತೆಗಾರರಾಗಿದ್ದ ಭಾವೂ ಮಹಾಜನರು 1841ರಲ್ಲಿ ‘ಪ್ರಭಾಕರ’ವನ್ನು ಆರಂಭಿಸಿದ್ದರು, ಲೋಕಹಿತವಾದಿಯೆಂದು ಹೆಸರಾದ ಗೋಪಾಳ ಹರಿ ದೇಶಮುಖರ ಶತಪತ್ರಗಳು 1848ರಿಂದ ಅದರಲ್ಲಿಯೇ ಬೆಳಕು ಕಂಡವು. ಎಲ್ಫಿನ್‌ಸ್ಟನ್‌ನ ವಿದ್ಯಾರ್ಥಿಗಳು ಕೂಡಿ ಕಟ್ಟಿದ ಸಂಘ ಅವರು ತೀರಿಕೊಂಡ ಕೆಲವೇ ವರ್ಷಗಳಲ್ಲಿ ಮುಂಬಯಿಯಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ನಡೆಸತೊಡಗಿತು. ದಾದಾಭಾಯಿ ನವರೋಜಿಯವರು 1851ರಲ್ಲಿ ‘ರಾಸ್ತ್ ಗೋಫ್ತಾರ್’ ಎಂಬ ಗುಜರಾತಿ ಪತ್ರಿಕೆಯನ್ನು ಹೊರತಂದರು. ಅದೇ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರೂ ಆದರು. ಗಣಿತ ಕಲಿಸುತ್ತಲೇ ಪತ್ರಿಕೆ ನಡೆಸಿದ ಗುರುವಿನ ದಾರಿಯಲ್ಲಿ ಶಿಷ್ಯನೂ ನಡೆದ. ಗುರುವಿನ ಭಾಷೆ ಮರಾಠಿ, ಶಿಷ್ಯನ ಭಾಷೆ ಗುಜರಾತಿ. ಅದು ಅಡ್ಡಿಯಾಗಲಿಲ್ಲ.

ಈಗ ನಮ್ಮ ಹಳೆಯ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಅವನಿಗೆ ನಾನು ಹೇಳಬಯಸುವುದು ಇಷ್ಟೇ. ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಬಾವಿ ಬತ್ತಿದ ರೈತನ ಮಾತನ್ನು ಅವನ ಕನ್ನಡದಲ್ಲಿ ಕೇಳಿ, ಅದನ್ನು ಜಿಲ್ಲಾಧಿಕಾರಿಗಳ ಮೇಜಿಗೆ ಮರಾಠಿಯಲ್ಲಿ ಮುಟ್ಟಿಸುವಾಗ ನೀನು ‘ದರ್ಪಣ’ದ ಕೆಲಸವನ್ನೇ ಮಾಡುತ್ತಿದ್ದೀ. ನಿನ್ನ ಪತ್ರಿಕೆಯಲ್ಲಿ ಒಂದೇ ಅಂಕಣ ಅಚ್ಚಾಗುತ್ತದೆ. ಇನ್ನೊಂದು ಅಂಕಣ ನಿನ್ನ ಟಿಪ್ಪಣಿ ಪುಸ್ತಕದಲ್ಲಿದೆ. ಅದು ಸರಿಯಾಗಿದ್ದರೆ ಮಾತ್ರ ಅಚ್ಚಾದ ಅಂಕಣ ಸರಿಯಾಗಿರುತ್ತದೆ. ರೈತ ಬಳಸಿದ ಪದಕ್ಕೆ ತಕ್ಕ ಮರಾಠಿ ಪದ ಸಿಗದೆ ನೀನು ತಡವರಿಸುವ ಆ ಕ್ಷಣದಲ್ಲಿ ಕನ್ನಡ ತರಗತಿಯ ಮೂರು ವರ್ಷಗಳು ಕೆಲಸಕ್ಕೆ ಬರುತ್ತವೆ.

ಮುಂದಿನ ಜನವರಿ 6ರಂದು ಬಾಳಶಾಸ್ತ್ರಿಗಳ ಭಾವಚಿತ್ರದ ಕೆಳಗೆ ಒಂದು ಭಿತ್ತಿಪತ್ರಿಕೆಯನ್ನು ತೂಗುಹಾಕಲು ನಮ್ಮ ವಿಭಾಗವೂ ಮರಾಠಿ ವಿಭಾಗವೂ ಕೂಡಿ ನಿಶ್ಚಯಿಸಿವೆ. ಪ್ರತಿ ಪುಟಕ್ಕೆ ಎರಡು ಅಂಕಣಗಳಿರುತ್ತವೆ. ಒಂದರಲ್ಲಿ ಕನ್ನಡ, ಅದರ ಪಕ್ಕದಲ್ಲಿಯೇ ಮರಾಠಿ. ಬರೆಯಬಯಸುವ ವಿದ್ಯಾರ್ಥಿಗಳು ಯಾವ ಭಾಷೆಯಲ್ಲಾದರೂ ಬರೆದು ತರಬಹುದು. ಇನ್ನೊಂದು ಭಾಷೆಗೆ ತರುವ ಕೆಲಸವನ್ನು ಕೂಡಿ ಕುಳಿತು ಮಾಡೋಣ.